ನನಗೆ ಜ್ವರ ಬರಲಿಲ್ಲ

ನನ್ನ ನೆಗೆಣ್ಣಿ ನೀಲಮ್ಮನಿಗೆ ಚಳಿಜ್ವರ ಬಂದ ವರ್ಷ ನಾನು ಅವಳ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ಅವಳ ಮೈಬಣ್ಣಕ್ಕಾಗಲಿ, ಅವಳ ಗಂಡ ಗದಗಿನಿಂದ ತಂದುಕೊಟ್ಟ ಸೀರೆಗಾಗಲಿ ಎಂದೂ ಪಟ್ಟವಳಲ್ಲ. ಜ್ವರಕ್ಕೂ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನೀವು ನಗಬಹುದು. ನಗಿ. ಈಗ ನಾನೂ ನಗುತ್ತೇನೆ. ಆಗ ಮಾತ್ರ ಅವಳ ಹಲ್ಲು ಕಟಕಟಿಸುವ ಸದ್ದು ಗೋಡೆಯಾಚೆಯಿಂದ ಕೇಳಿದಾಗಲೆಲ್ಲ, ಎಂಥ ಪುಣ್ಯ ಮಾಡಿ ಹುಟ್ಟಿದಾಳಪ್ಪ ಇವಳು ಎಂದು ನನ್ನ ಎದೆ ಉರಿಯುತ್ತಿತ್ತು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಹೊಸಪೇಟೆಯ ನಮ್ಮ ಬಳಗದವರ ಮನೆಯಲ್ಲಿ ಒಬ್ಬ ಸೊಸೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಆಕೆಗೆ ಸೊಕ್ಕು ಎಂದು ಒಬ್ಬರು, ಗಾಳಿ ಸೋಕಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಹೋಗಿ ನೋಡಿಬಂದೆ. ಆ ಗೋಡೆ ನನಗೆ ಚೆನ್ನಾಗಿ ಗೊತ್ತು. ಆಕೆಯ ಪಕ್ಕ ಕೂತು ಇದನ್ನು ಹೇಳಲು ಹೋದೆ. ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಆದ್ದರಿಂದ ಬರೆಯುತ್ತಿದ್ದೇನೆ. ಆಕೆಗೆ ಓದು ಬರುತ್ತದೆ.

ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ನಾನು ಹುಟ್ಟಿದ್ದು ಸಂಡೂರಿನಲ್ಲಿ, ಕೆಂಪು ಮಣ್ಣಿನ ಗುಡ್ಡಗಳ ನಡುವೆ. ತುಂಗಭದ್ರೆಗೆ ಆಣೆಕಟ್ಟು ಕಟ್ಟುವ ಮಾತು ಇನ್ನೂ ಮದರಾಸಿನ ಕಾಗದಗಳಲ್ಲೇ ಓಡಾಡುತ್ತಿದ್ದ ಕಾಲ ಅದು. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ಮೈದುನ, ಮೈದುನನ ಹೆಂಡತಿ ನೀಲಮ್ಮ, ನಾನು ಮತ್ತು ನನ್ನ ಮಗಳು ಪಾರಿ. ನೀಲಮ್ಮನಿಗೆ ಮಕ್ಕಳಿರಲಿಲ್ಲ. ಊಟಕ್ಕೆ, ಬಟ್ಟೆಗೆ ಯಾವ ಕೊರತೆಯೂ ಇಲ್ಲದ ಮನೆ. ಗಂಡ ಗದರಿದವರಲ್ಲ. ಅತ್ತೆಯ ಬಾಯಿ ಜೋರು, ಕೈ ಉದಾರ.

ಇಷ್ಟನ್ನೂ ಹೇಳಿದ್ದು ಏಕೆಂದರೆ ಎಲ್ಲರೂ ಮೊದಲು ಕೇಳುವುದು ಕಾರಣವನ್ನು. ನನ್ನ ಹತ್ತಿರ ಕಾರಣವೇ ಇರಲಿಲ್ಲ. ನಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಬಾವಿಕಟ್ಟೆಯ ಮೇಲೆ ಕೂತು ಗೊಳೋ ಎಂದು ಅಳುತ್ತಿದ್ದಳು, ಹತ್ತು ಜನ ಸುತ್ತ ನಿಂತು ಸಮಾಧಾನ ಮಾಡುತ್ತಿದ್ದರು. ದೇವರು ಮೆಚ್ಚದ ಮಾತು, ಅವಳನ್ನು ಕಂಡರೂ ನನಗೆ ಹೊಟ್ಟೆಕಿಚ್ಚಾಯಿತು. ಅವಳಿಗೆ ಅಳು ಬರುತ್ತಿತ್ತು, ಅಳಲು ಒಂದು ಕಾರಣವೂ ಇತ್ತು. ನನಗೆ ಎರಡೂ ಇಲ್ಲ.

ಅದು ಯಾವ ದಿನ ಶುರುವಾಯಿತೆಂದು ಹೇಳಲಾರೆ. ಮೊದಲು ಹೋದದ್ದು ಉಪ್ಪಿನ ರುಚಿ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನಾಲಿಗೆಗೆ ತಿಳಿಯದೆ ಮತ್ತೆ ಹಾಕುತ್ತಿದ್ದೆ; ಗಂಡಸರು ಮಾತಾಡದೆ ನೀರು ಕುಡಿದು ಎದ್ದುಹೋಗುತ್ತಿದ್ದರು. ಆಮೇಲೆ ನಿದ್ದೆ ಹೋಯಿತು. ಗಿರಣಿಯ ಇಂಜಿನ್ನು ಶುರುವಾಗುವ ಎಷ್ಟೋ ಮೊದಲೇ ಎಚ್ಚರವಾಗುತ್ತಿತ್ತು. ಎದೆಯ ಮೇಲೆ ಯಾರೋ ಭತ್ತದ ಚೀಲ ಇಟ್ಟುಹೋದ ಹಾಗೆ. ಆ ಚೀಲ ಹೊತ್ತುಕೊಂಡೇ ಏಳಬೇಕು, ಬಚ್ಚಲಿಗೆ ಹೋಗಬೇಕು, ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು. ಬಚ್ಚಲು ನನ್ನ ಕೋಣೆಯ ಪಕ್ಕದಲ್ಲೇ. ಅದು ನನಗೆ ಹಂಪಿಯಷ್ಟು ದೂರವಾಗಿಬಿಟ್ಟಿತು.

ನಮ್ಮ ಮನೆಯ ಪದ್ಧತಿ ಇಲ್ಲಿ ಹೇಳಬೇಕು. ಕೊರಳಲ್ಲಿ ಲಿಂಗ ಕಟ್ಟಿದವರು ನಾವು. ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತುತ್ತು ಬಾಯಿಗಿಡುವಂತಿಲ್ಲ. ನನಗೆ ಏಳಲು ಆಗುತ್ತಿರಲಿಲ್ಲ, ಆದ್ದರಿಂದ ಸ್ನಾನವಿಲ್ಲ. ಸ್ನಾನವಿಲ್ಲ, ಆದ್ದರಿಂದ ಪೂಜೆಯಿಲ್ಲ. ಪೂಜೆಯಿಲ್ಲದ್ದಕ್ಕೆ ಊಟವಿಲ್ಲ. ಊಟವಿಲ್ಲದ್ದಕ್ಕೆ ಮರುದಿನ ಏಳಲು ಇನ್ನೂ ಆಗುತ್ತಿರಲಿಲ್ಲ. ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತಿದ್ದೆ. ಯಾವಾಗಲಾದರೂ ಸಂಜೆ ಹೇಗೋ ಎದ್ದು ಮಿಂದರೆ ಒಂದಿಷ್ಟು ಅನ್ನ, ಇಲ್ಲವಾದರೆ ಅದೂ ಇಲ್ಲ. ಅತ್ತೆ ಊಟಕ್ಕೆ ಕರೆದಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು, ಪೂಜೆ ಆಗಿಲ್ಲ ಎಂದು. ಆ ಮಾತಿಗೆ ನಮ್ಮಂಥ ಮನೆಯಲ್ಲಿ ಎದುರು ಮಾತಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ಮಠದ ಅಯ್ಯನವರು ಭಿಕ್ಷಕ್ಕೆ ಬಂದರು. ದೇವರ ಕೋಣೆಯ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದೆ. ಪೂಜೆಗೆಂದು ಹೋದವಳು, ವಿಭೂತಿಯ ಗಟ್ಟಿ ಕೈಯಲ್ಲಿ ಹಿಡಿದು, ಮುಂದಿನದಕ್ಕೆ ಕೈ ಏಳದೆ ಕೂತುಬಿಟ್ಟಿದ್ದೆ. ಅಯ್ಯನವರು ಏನೋ ಕೇಳಿದರು. ನನಗೆ ಉತ್ತರ ಹೇಳುವಷ್ಟು ತ್ರಾಣವಿರಲಿಲ್ಲ. ಅವರು ನನ್ನನ್ನು ಬಹಳ ಹೊತ್ತು ನೋಡಿ ಅತ್ತೆಯ ಕಡೆ ತಿರುಗಿದರು.

"ತಾಯಿ ಮೌನದಾಗ ಕುಂತಾಳ. ಇದು ಅನುಷ್ಠಾನ, ಯಾರೂ ಕೆಡಸಬ್ಯಾಡ್ರಿ" ಎಂದರು.

ಮುಗಿಯಿತು. ಸಂಜೆಯೊಳಗೆ ಕಂಪ್ಲಿಯ ಅರ್ಧ ಊರಿಗೆ ಗೊತ್ತಾಯಿತು, ಗಿರಣಿಯವರ ಹಿರಿ ಸೊಸೆ ಅನುಷ್ಠಾನಕ್ಕೆ ಕೂತಿದ್ದಾಳೆ ಎಂದು. ಅನ್ನ ಬಿಟ್ಟಿದ್ದಾಳಂತೆ, ಮಾತು ಬಿಟ್ಟಿದ್ದಾಳಂತೆ, ತಲೆ ಬಾಚುವುದನ್ನೂ ಬಿಟ್ಟಿದ್ದಾಳಂತೆ. ಎಲ್ಲವೂ ನಿಜವೇ. ಅತ್ತೆಗೆ ಹಿಡಿಸಲಾರದಷ್ಟು ಹಿಗ್ಗು. ಅವರ ವಾರಗಿತ್ತಿಯೊಬ್ಬರ ಸೊಸೆ ಬರೀ ಸೋಮವಾರದ ಉಪವಾಸ ಮಾಡಿ ಹೆಸರು ಮಾಡಿದ್ದಳು. ಈಗ ಅವಳ ಹೆಸರು ಎತ್ತುವವರಿಲ್ಲ. ಓಣಿಯ ಹೆಂಗಸರು ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಬಂದು ನನ್ನ ಕಾಲು ಮುಟ್ಟಿ ಹೋಗತೊಡಗಿದರು. ಒಬ್ಬಳು ತನ್ನ ಕೂಸನ್ನು ನನ್ನ ಪಾದದ ಹತ್ತಿರ ಮಲಗಿಸಿ ಎತ್ತಿಕೊಂಡಳು.

ಅಲ್ಲವೆಂದು ಹೇಳಬಹುದಿತ್ತಲ್ಲ ಎಂದು ಕೇಳುವಿರಿ. ಹೇಳಲು ಮಾತು ಬೇಕಲ್ಲ. ಹೇಳಿದ್ದರೂ ಏನೆಂದು ಹೇಳಲಿ? ಮೈಯಲ್ಲಿ ನೋವಿಲ್ಲ, ಗಾಯವಿಲ್ಲ, ಕೆಮ್ಮಿಲ್ಲ. ಕಾಲು ಮುಟ್ಟುವವರು ಬೇಕಾದಷ್ಟು ಜನ ಇದ್ದರು. ಒಬ್ಬರಾದರೂ ಹಣೆ ಮುಟ್ಟಿ ನೋಡಲಿಲ್ಲ.

ಅಷ್ಟರಲ್ಲಿ ನನ್ನ ಕೆಲಸವೆಲ್ಲ ನೀಲಮ್ಮನ ತಲೆಗೆ ಬಿದ್ದಿತ್ತು. ಕೆಲಸದ ಜೊತೆ ನನ್ನ ಮಗಳೂ ಅವಳಿಗೆ ಹೋದಳು. ಅನುಷ್ಠಾನ ಕೆಡಿಸಬಾರದೆಂದು ಪಾರಿಯನ್ನು ನನ್ನ ಹತ್ತಿರ ಬಿಡುತ್ತಿರಲಿಲ್ಲ. ಮೊದಮೊದಲು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ನಿಲ್ಲುವುದನ್ನೂ ಬಿಟ್ಟಳು. ಚಿಗವ್ವ ತಲೆ ಬಾಚಬೇಕು, ಚಿಗವ್ವ ಉಣ್ಣಿಸಬೇಕು, ಚಿಗವ್ವನ ಸೆರಗು ಹಿಡಿದೇ ಮಲಗಬೇಕು. ಹಿತ್ತಲಲ್ಲಿ ಅವರಿಬ್ಬರೂ ನಗುವುದು ನನಗೆ ಕೇಳಿಸುತ್ತಿತ್ತು. ನನ್ನ ಕೂಸು ನಗುತ್ತಿದೆಯಲ್ಲ ಎಂದು ಸಂತೋಷ ಪಡಬೇಕಿತ್ತು. ಆ ಸಂತೋಷ ಹುಡುಕಿದೆ, ಸಿಗಲಿಲ್ಲ. ನಾನು ಇಲ್ಲದಿದ್ದರೂ ಇವಳಿಗೆ ನಡೆಯುತ್ತದೆ ಎಂಬುದೊಂದೇ ಸಿಕ್ಕಿತು. ನಾನು ಇಲ್ಲದಿರುವುದು ಹೇಗೆ ಎಂದು ಮನಸ್ಸು ಅತ್ತ ಕಡೆ ಹೊರಳಿದ್ದು ಆಗಲೇ.

ಮಳೆಗಾಲ ಮುಗಿದು ಗದ್ದೆಗಳಲ್ಲಿ ನೀರು ನಿಂತಾಗ ನೀಲಮ್ಮನಿಗೆ ಜ್ವರ ಬಂತು. ಕಾಲುವೆಯ ಸೀಮೆಯಲ್ಲಿ ಅದೇನು ಹೊಸದಲ್ಲ. ದಿನ ಬಿಟ್ಟು ದಿನ ಬರುವ ಚಳಿಜ್ವರ. ಆದರೆ ಮನೆ ಎದ್ದು ಓಡಾಡಿದ ರೀತಿ ನೋಡಬೇಕಿತ್ತು. ಕಂಬಳಿಯ ಮೇಲೆ ಕಂಬಳಿ. ಮೈದುನ ಹೊಸಪೇಟೆಗೆ ಹೋಗಿ ಜ್ವರ ನೋಡುವ ಗಾಜಿನ ಕಡ್ಡಿಯನ್ನೇ ಕೊಂಡುತಂದ. ಅತ್ತೆ ಗಂಜಿ ಕಾಯಿಸಿದರು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಉರಿಸಿದ್ದು ಇನ್ನೊಂದು. ಅವಳಿಗೆ ಸ್ನಾನ ಬೇಡ, ಪೂಜೆ ಬೇಡ. ಮಲಗಿದಲ್ಲೇ ಲಿಂಗವನ್ನು ಕಣ್ಣಿಗೊತ್ತಿಕೊಂಡರೆ ಸಾಕು, ಗಂಜಿ ಬಾಯಿಗೆ ಬರುತ್ತಿತ್ತು. ಜಡ್ಡಾದವರಿಗೆ ನೇಮ ಸಡಿಲ ಎಂದು ಅತ್ತೆಯೇ ಹೇಳಿದರು.

ನನಗೇಕೆ ಸಡಿಲವಿಲ್ಲ? ನನಗೆ ಜಡ್ಡಿಲ್ಲವಲ್ಲ.

ಪಾರಿ ಅವಳ ಕಾಲ ಬುಡದಲ್ಲಿ ಕೂತು ಪುಟ್ಟ ಕೈಗಳಿಂದ ಕಾಲೊತ್ತುತ್ತಿದ್ದಳು. ಅದನ್ನು ನೋಡಲೆಂದು ನಾನು ಎದ್ದೆ. ತಿಂಗಳುಗಟ್ಟಲೆ ಯಾರು ಕರೆದರೂ ಏಳದವಳು ಅಂದು ಮತ್ಸರಕ್ಕೆ ಎದ್ದೆ. ಗೋಡೆ ಹಿಡಿದುಕೊಂಡು ನೀಲಮ್ಮನ ಕೋಣೆಯ ಹೊಸ್ತಿಲವರೆಗೆ ಹೋಗಿ ನಿಂತೆ. ಅತ್ತೆ ಅವಳ ಹಣೆಯ ಮೇಲೆ ಕೈಯಿಟ್ಟು, "ಕೆಂಡ ಆಗೈತಿ" ಎನ್ನುತ್ತಿದ್ದರು. ಆ ಕೈಯನ್ನೇ ನೋಡುತ್ತ ನಿಂತೆ.

ಮಾರನೆಯ ದಿನ ಜ್ವರವಿಲ್ಲದ ದಿನ. ಅತ್ತೆ ಪಾರಿಯನ್ನು ಕರೆದುಕೊಂಡು ಹಿತ್ತಲಿಗೆ ಹೋಗಿದ್ದರು, ನೀಲಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಮೆಲ್ಲಗೆ ಒಳಗೆ ಹೋಗಿ ಗೂಡಿನಲ್ಲಿಟ್ಟಿದ್ದ ಗಾಜಿನ ಕಡ್ಡಿ ತೆಗೆದು ಬಾಯಲ್ಲಿಟ್ಟುಕೊಂಡೆ. ಮೈದುನ ಹೇಗೆ ನೋಡುತ್ತಿದ್ದನೆಂದು ನೋಡಿಕೊಂಡಿದ್ದೆ. ಬೆಳಕಿಗೆ ಹಿಡಿದೆ. ಪಾದರಸ ಕೆಂಪು ಗೆರೆಯನ್ನು ದಾಟಿರಲಿಲ್ಲ. ಒರೆಸಿ ಮತ್ತೆ ಇಟ್ಟುಕೊಂಡೆ. ಮತ್ತೆ ಅಷ್ಟೇ. ಅಲ್ಲಿಯೇ ನೆಲಕ್ಕೆ ಕುಸಿದು ಕೂತೆ. ಅಷ್ಟು ಕಾಲ ಬಾರದಿದ್ದ ಅಳು ಅಂದು ಬಂತು, ಜ್ವರ ಬರಲಿಲ್ಲವೆಂದು.

ನೀಲಮ್ಮ ನಿದ್ದೆ ಮಾಡಿರಲಿಲ್ಲ. ಹಾಸಿಗೆಯಿಂದ ಇಳಿದು ನನ್ನ ಪಕ್ಕ ಬಂದು ಕೂತಳು. ಕಡ್ಡಿಯನ್ನು ನನ್ನ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಹಣೆಯ ಮೇಲೆ ಕೈಯಿಟ್ಟಳು. ತಣ್ಣಗಿನ, ಸೌದೆಯ ಗೀರು ಬಿದ್ದ ಒರಟು ಕೈ.

"ಅಕ್ಕಾ, ಇದು ಅನುಷ್ಠಾನ ಅಲ್ಲ, ಅಲ್ಲೇನ್ರಿ?" ಎಂದಳು.

ಅಲ್ಲವೆಂದು ನಾನು ತಲೆಯಾಡಿಸಿದೆ. ಅವಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟಳು. ನಾನು ಅವಳ ಜ್ವರಕ್ಕೆ ಉರಿದರೆ, ಅವಳು ನನ್ನ ಅನುಷ್ಠಾನಕ್ಕೆ ಅಷ್ಟೇ ಉರಿಯುತ್ತಿದ್ದಳಂತೆ. ಅಕ್ಕಾ, ನೀವು ಮಲಗಿದರೆ ಊರು ಕಾಲಿಗೆ ಬೀಳುತ್ತದೆ, ನಾನು ಇಬ್ಬರ ಕೆಲಸ ಮಾಡಿದರೂ ಸಾರು ತೆಳ್ಳಗಾಯಿತೆಂಬ ಮಾತು ತಪ್ಪುವುದಿಲ್ಲ. ಜ್ವರ ಬಂದ ದಿನ, ಸದ್ಯ ನನಗೂ ಮಲಗಲು ಒಂದು ನೆಪ ಸಿಕ್ಕಿತು ಎಂದುಕೊಂಡೆ ಎಂದಳು. ಹೇಳಿ ಮುಗಿಸಿ ಸೆರಗಿನಿಂದ ಮೊದಲು ನನ್ನ ಮೂಗು, ಆಮೇಲೆ ತನ್ನ ಮೂಗು ಒರೆಸಿದಳು. ಆ ಮನೆಯಲ್ಲಿ ಅಷ್ಟು ನಿಜವನ್ನು ಯಾರೂ ಯಾರಿಗೂ ಹೇಳಿರಲಿಲ್ಲ.

ಮೈದುನ ಅವಳನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಗಾಡಿ ಕಟ್ಟಿಸಿದ ದಿನ ನೀಲಮ್ಮ ಹಟ ಹಿಡಿದಳು. ಅಕ್ಕ ಜೊತೆಗೆ ಬಂದರೆ ಮಾತ್ರ ಗಾಡಿ ಹತ್ತುತ್ತೇನೆ, ಅನುಷ್ಠಾನದವರು ಪಕ್ಕದಲ್ಲಿದ್ದರೆ ಜ್ವರ ತಾನೇ ಬಿಡುತ್ತದೆ ಎಂದಳು. ಅತ್ತೆಗೆ ಈ ಮಾತು ಬಹಳ ಸರಿ ಎನಿಸಿತು. ನನ್ನ ಹಣೆಗೆ ಕೈಯಾರೆ ವಿಭೂತಿ ಹಚ್ಚಿ ಗಾಡಿಗೆ ಹತ್ತಿಸಿದರು. ಎರಡು ಊರಾಚೆ ಬಂದ ಮೇಲೆ ನೀಲಮ್ಮ ಕಂಬಳಿಯೊಳಗಿಂದ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಕಮಲಾಪುರ ದಾಟಿ ಹಂಪಿಯ ಬಂಡೆಗಳ ಪಕ್ಕದಲ್ಲಿ ಗಾಡಿ ಹೋಗುವಾಗ ಮೂಗು ಒಡೆದ, ತೋಳು ಮುರಿದ ಕಲ್ಲಿನ ಮೂರ್ತಿಗಳು ಕಂಡವು. ಅವುಗಳ ಮೇಲೂ ನನಗೆ ಸಿಟ್ಟು ಬಂತು. ಏನು ಮುರಿದಿದೆಯೆಂದು ಹೋಗುವವರಿಗೆ, ಬರುವವರಿಗೆ ಕಾಣುತ್ತದೆ. ಅಯ್ಯೋ ಎಂದು ದೂರದೂರದಿಂದ ಬಂದು ನೋಡಿ ಹೋಗುತ್ತಾರೆ.

ಆಸ್ಪತ್ರೆಯ ಜಗುಲಿಯಲ್ಲಿ ಹೆಂಗಸರ ಸಾಲು ಉದ್ದವಿತ್ತು. ಕೈಗೆ ಪಟ್ಟಿ ಕಟ್ಟಿಸಿಕೊಂಡವಳೊಬ್ಬಳು, ಗಂಟಲು ಊದಿದವಳೊಬ್ಬಳು, ಗಾದಿಗನೂರಿನಿಂದ ನಡೆದೇ ಬಂದಿದ್ದ ತುಂಬು ಬಸುರಿಯೊಬ್ಬಳು. ಒಬ್ಬರಿಗೊಬ್ಬರು ನಿಮಗೇನು, ನಿಮಗೇನು ಎಂದು ವಿಚಾರಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ತೋರಿಸಲು ಏನೋ ಒಂದಿತ್ತು. ಪಟ್ಟಿಯವಳು ನನ್ನನ್ನು ಕೇಳಿದಳು. ನಾನು ನೀಲಮ್ಮನ ಕಡೆ ಬೆರಳು ತೋರಿಸಿದೆ. ಜೊತೆಗೆ ಬಂದವಳೇ ಎಂದು ಆಕೆಗೆ ನನ್ನ ಮೇಲಿನ ಆಸಕ್ತಿಯೇ ಹೋಯಿತು.

ಹೆಂಗಸರನ್ನು ನೋಡುತ್ತಿದ್ದವರು ಮದರಾಸಿನ ಕಡೆಯಿಂದ ಬಂದಿದ್ದ ಡಾಕ್ಟರಮ್ಮ. ನಡುವಯಸ್ಸು, ಬಿಳಿ ಸೀರೆ, ಅರ್ಧ ತೆಲುಗು ಅರ್ಧ ಕನ್ನಡ. ನೀಲಮ್ಮನ ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಕ್ವಿನೈನ್ ಬರೆದುಕೊಟ್ಟರು. ಆಗ ನೀಲಮ್ಮ ಎದ್ದು, ನನ್ನ ರಟ್ಟೆ ಹಿಡಿದು, ತಾನು ಕೂತಿದ್ದ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿದಳು.

"ಇವರನ್ನ ನೋಡ್ರಿ. ನಾ ಬಂದಿದ್ದ ಇದಕ್ಕ" ಎಂದಳು.

ಡಾಕ್ಟರಮ್ಮ ನನ್ನ ನಾಡಿ ಹಿಡಿದು, ಏನಾಗುತ್ತದೆ ಎಂದು ಕೇಳಿದರು. ಎಷ್ಟೋ ದಿನದಿಂದ ಮಾತಾಡದ ಗಂಟಲು. ಅವರು ಮತ್ತೆ ಕೇಳಲಿಲ್ಲ, ಮುಂದಿನವರನ್ನೂ ಕರೆಯಲಿಲ್ಲ, ಸುಮ್ಮನೆ ಕಾದರು. ಹೊರಗೆ ಸಾಲು ಗೊಣಗುತ್ತಿತ್ತು. ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ:

"ನನಗ ಜ್ವರ ಬರವಲ್ದ್ರಿ."

ಅವರು ನಗಲಿಲ್ಲ. ಈ ಮಾತು ಎಷ್ಟು ಸಲ ನೆನೆಸಿಕೊಂಡಿದ್ದೇನೋ, ಅವರು ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಒಂದೊಂದಾಗಿ ಕೇಳಿದರು. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ? ಉಪ್ಪು, ಹುಳಿ ತಿಳಿಯುತ್ತದೆಯೇ? ಮಗಳನ್ನು ಕಂಡರೆ ಏನನ್ನಿಸುತ್ತದೆ? ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ನನ್ನ ಎದೆಯ ಮೇಲಿನ ಚೀಲವನ್ನು ಇವರು ಎಲ್ಲಿ ನೋಡಿದರು ಎಂದು ನನಗೆ ಸೋಜಿಗ. ಕಡೆಗೆ, ಸತ್ತರೆ ಸಾಕು ಅನ್ನಿಸುತ್ತದೆಯೇ ಎಂದೂ ಕೇಳಿದರು, ಹಸಿವಾಗುತ್ತದೆಯೇ ಎಂದು ಕೇಳಿದಷ್ಟೇ ಸಲೀಸಾಗಿ. ಹೂಂ ಎಂದೆ. ಬೆನ್ನ ಹಿಂದೆ ನೀಲಮ್ಮ ನನ್ನ ಭುಜ ಗಟ್ಟಿಯಾಗಿ ಹಿಡಿದಳು.

"ಜ್ವರ ಇಲ್ಲದ ಜಡ್ಡೂ ಇರತದಮ್ಮಾ. ಇದು ಹುಚ್ಚಲ್ಲ, ಸೊಕ್ಕಲ್ಲ, ದೇವರೂ ಅಲ್ಲ. ಇದಕ್ಕೆ ಹೆಸರಿದೆ" ಎಂದು ಅವರು ಆ ಹೆಸರು ಹೇಳಿದರು. ಮೆಲಂಕೋಲಿಯಾ, ಮನಸ್ಸು ಕುಗ್ಗಿಹೋಗುವ ಜಡ್ಡು.

ಆ ಹೆಸರನ್ನು ನಾನು ಒಡವೆಯ ಹಾಗೆ ಜೋಪಾನವಾಗಿ ಇಟ್ಟುಕೊಂಡೆ. ನೀಲಮ್ಮನದು ಊರಿಗೆಲ್ಲ ಬರುವ ಚಳಿಜ್ವರ. ನನ್ನದಕ್ಕೆ ಇಂಗ್ಲಿಷಿನ ಹೆಸರು. ಬಹಳ ದಿನದ ಮೇಲೆ ಅವಳಿಗಿಂತ ಒಂದು ಕೈ ಮೇಲಾದೆನೆಂಬ ಭಾವ ಬಂತು. ಜಗುಲಿಯಲ್ಲಿ ಕೂತಿದ್ದಾಗ ಪಟ್ಟಿಯವಳ ಮೇಲೆ ಹೊಟ್ಟೆಕಿಚ್ಚಾಯಿತೆಂದು ಡಾಕ್ಟರಮ್ಮನಿಗೆ ಹೇಳಿದಾಗ, ಅದು ಒಳ್ಳೆಯದೇ, ಏನೋ ಒಂದು ಬೇಕು ಎಂದು ಅನ್ನಿಸುತ್ತಿದೆಯಲ್ಲ ಎಂದರು.

ನಮ್ಮಿಬ್ಬರನ್ನೂ ಹೆಂಗಸರ ವಾರ್ಡಿನಲ್ಲಿ ಪಕ್ಕಪಕ್ಕದ ಮಂಚದಲ್ಲಿ ಇರಿಸಿಕೊಂಡರು. ನಮ್ಮ ಮನೆಯವರು ಕಂಪ್ಲಿಯಿಂದ ಓಡಿಬಂದರು. ಮದರಾಸಿನ ಹುಚ್ಚರ ಆಸ್ಪತ್ರೆಗೆ ಕಳಿಸಿಬಿಡುತ್ತಾರೇನೋ ಎಂಬುದು ಅವರ ಭಯ, ನನ್ನದೂ ಅದೇ ಭಯ. ಅಲ್ಲಿಗೆ ಹೋದವರ ಮಗಳನ್ನು ಮುಂದೆ ಯಾರು ಸೊಸೆಯಾಗಿ ತಂದುಕೊಳ್ಳುತ್ತಾರೆ? ಅಂಥ ಅಗತ್ಯವಿಲ್ಲವೆಂದು ಡಾಕ್ಟರಮ್ಮ ಹೇಳಿದ ಮೇಲೆ ಅವರು ನನ್ನ ಮಂಚದ ತುದಿಯಲ್ಲಿ ಕೂತು ಪೇಟದ ಅಂಚನ್ನು ಬಿಚ್ಚುತ್ತ ಸುತ್ತುತ್ತ ಇದ್ದರು.

"ನನ್ನಿಂದ ಏನರ ತಪ್ಪಾತೇನು?" ಎಂದು ಕೇಳಿದರು.

ಇಲ್ಲವೆಂದೆ. ಅದು ಸುಳ್ಳಲ್ಲ. ಆ ದೊಡ್ಡ ಗಂಡಸು ತಲೆ ತಗ್ಗಿಸಿ ಅತ್ತರು. ಅವರಿಗೂ ಎಷ್ಟು ಸುಲಭವಾಗಿ ಅಳು ಬರುತ್ತದಲ್ಲ ಎಂದು ಆಗಲೂ ನನ್ನ ಮನಸ್ಸು ಕರುಬಿತು.

ಮದ್ದು ಎಂದರೆ ನಿದ್ದೆಗೆ ಒಂದು ಕಹಿ ನೀರು, ಅಷ್ಟೇ. ಮಿಕ್ಕದ್ದೆಲ್ಲ ಕಟ್ಟಳೆ. ಒಬ್ಬಳೇ ಇರಬಾರದು. ದಿನಾ ಬೆಳಗ್ಗೆ ಯಾರಾದರೊಬ್ಬರ ಜೊತೆ ನಡೆಯಬೇಕು. ವಾರಕ್ಕೊಮ್ಮೆ ಬಂದು ಡಾಕ್ಟರಮ್ಮನ ಎದುರು ಕೂತು ಮಾತಾಡಬೇಕು, ಮಾತು ಬರದಿದ್ದರೆ ಸುಮ್ಮನಾದರೂ ಕೂರಬೇಕು. ಎಲ್ಲಕ್ಕಿಂತ ಮೊದಲು, ಕಣ್ಣು ಬಿಟ್ಟ ಕೂಡಲೇ, ಹಾಸಿಗೆಯಲ್ಲಿರುವಾಗಲೇ, ಸ್ನಾನಕ್ಕೂ ಪೂಜೆಗೂ ಕಾಯದೆ ಹೊಟ್ಟೆಗೆ ತಿನ್ನಬೇಕು.

ಈ ಕಡೆಯದು ಅತ್ತೆಗೆ ಸಿಡಿಲು ಬಡಿದ ಹಾಗಾಯಿತು. ನಾವು ಮರಳಿ ಬಂದು ವಿಷಯ ಹೇಳಿದಾಗ ಅವರು ಮೊದಲು ಕೇಳಿದ್ದು, ಹಾಗಾದರೆ ಅದು ಅನುಷ್ಠಾನ ಆಗಿರಲಿಲ್ಲವೇ ಎಂದು. ಮೋಸ ಹೋದವರ ಮುಖ. ಊರಿನ ಹೆಂಗಸರೆದುರು ತಲೆಯೆತ್ತಿ ಓಡಾಡಿದ್ದ ತಿಂಗಳುಗಳೆಲ್ಲ ಅವರ ಕಣ್ಣೆದುರು ಬಂದಿರಬೇಕು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಮನೆಯವರು ಮಠಕ್ಕೆ ಹೋಗಿ ಅಯ್ಯನವರನ್ನು ಕರೆತಂದರು. ಅಯ್ಯನವರು ತಾವು ಹಿಂದೆ ಹೇಳಿದ್ದನ್ನು ಪೂರ್ತಿ ಮರೆತವರಂತೆ ಗಂಭೀರವಾಗಿ ಕೂತು, ಮೈಗೆ ಜಡ್ಡಾದರೂ ಮನಸ್ಸಿಗೆ ಜಡ್ಡಾದರೂ ನೇಮ ಒಂದೇ, ಕಣ್ಣಿಗೊತ್ತಿಕೊಂಡು ಉಣ್ಣಲಿ ಎಂದು ಅಪ್ಪಣೆ ಕೊಟ್ಟು ಹೊರಟರು.

ಮರುದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಅತ್ತೆ ಹಾಸಿಗೆಯ ಪಕ್ಕದಲ್ಲಿದ್ದರು. ಕೈಯಲ್ಲಿ ಗಂಜಿಯ ಬಟ್ಟಲು. ನನ್ನ ಮುಖ ನೋಡದೆ, ಗೋಡೆ ನೋಡುತ್ತ, "ಜಲ್ದಿ ಕುಡಿ, ಆರಿದ್ರ ಚಲೋ ಇರಂಗಿಲ್ಲ" ಎಂದರು. ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕುಡಿದೆ. ರುಚಿಯೇನೂ ತಿಳಿಯಲಿಲ್ಲ. ಆದರೆ ನೀಲಮ್ಮನಿಗೆ ಸಿಕ್ಕಿದ್ದ ಗಂಜಿ ಅಂದು ನನಗೂ ಸಿಕ್ಕಿತು. ಅತ್ತೆ ದಿನವೂ ತಂದರು. ಕೊನೆಯವರೆಗೂ ಗೋಡೆ ನೋಡಿಕೊಂಡೇ ತಂದರು.

ವಾಸಿಯಾಗುವುದೆಂದರೆ ಒಂದು ಬೆಳಗ್ಗೆ ಎದ್ದು ಎಲ್ಲ ಸರಿಹೋಗುವುದು ಎಂದು ತಿಳಿದಿದ್ದೆ. ಹಾಗಲ್ಲ. ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನ ಚೀಲ ಮತ್ತೆ ಎದೆಯ ಮೇಲೆ ಕೂರುತ್ತಿತ್ತು. ಆಗೆಲ್ಲ ಡಾಕ್ಟರಮ್ಮನ ಮೇಲೆ ಸಿಟ್ಟು. ನೀಲಮ್ಮನ ಮೇಲಂತೂ ಹೇಳುವುದೇ ಬೇಡ. ಅವಳು ಕ್ವಿನೈನ್ ನುಂಗಿ ಮುಂದೆ ಬಂದ ಹಬ್ಬದೊಳಗೆ ಗುಣವಾಗಿ ಎದ್ದು ಓಡಾಡುತ್ತಿದ್ದಳು. ನನಗೆ ಒಂದು ವರ್ಷವೇ ಹಿಡಿಯಿತು. ಆ ವರ್ಷವಿಡೀ ಬೆಳಗ್ಗೆ ಕಾಲುವೆಯ ದಂಡೆಯ ಮೇಲೆ ನನ್ನ ಜೊತೆ ನಡೆದವಳೂ ಅವಳೇ. ನಾನು ಮಾತಾಡದಿದ್ದ ದಿನ ಅವಳೇ ಇಬ್ಬರ ಪಾಲಿನದನ್ನೂ ಮಾತಾಡುತ್ತಿದ್ದಳು. ಒಂದು ದಿನ ಊಟದ ಮಧ್ಯೆ ನಾನು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದೆ. ಬಡಿಸುತ್ತಿದ್ದ ನೀಲಮ್ಮನ ಕೈ ನಿಂತಿತು. ಪಾತ್ರೆ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಗಂಡಸರಿಗೆ ಏನಾಯಿತೆಂದು ತಿಳಿಯಲಿಲ್ಲ.

ಪಾರಿ ಮಾತ್ರ ನನ್ನ ಹತ್ತಿರ ಬರಲಿಲ್ಲ. ನಾನು ತಲೆ ಬಾಚಲು ಕರೆದರೆ ಬಂದು ಕೂರುತ್ತಿದ್ದಳು, ನೆಂಟರ ಮನೆಯಲ್ಲಿ ಕೂತ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಜಡೆ ಹೆಣೆದಾದ ಮೇಲೆ ಚಿಗವ್ವನಿಗೆ ತೋರಿಸಲು ಓಡುತ್ತಿದ್ದಳು. ಬಲವಂತ ಮಾಡಬೇಡ, ಕಾಯಿ ಎಂದು ಡಾಕ್ಟರಮ್ಮ ಹೇಳಿದ್ದರು. ಕಾದೆ. ಕಾಯುತ್ತ ಕಾಯುತ್ತ ಒಳಗೊಳಗೇ ಉರಿದೆ. ಬೇರೆಲ್ಲ ವಾಸಿಯಾದರೂ ಅದೊಂದು ವಾಸಿಯಾಗುವ ಹಾಗೆ ಕಾಣಲಿಲ್ಲ.

ಮುಂದಿನ ಮಳೆಗಾಲದ ಕೊನೆಗೆ ನನಗೆ ಜ್ವರ ಬಂತು. ನಿಜವಾದ ಚಳಿಜ್ವರ. ಹಲ್ಲು ಕಟಕಟಿಸಿತು, ಮಂಚ ಅಲುಗಾಡಿತು, ಕಂಬಳಿಯ ಮೇಲೆ ಕಂಬಳಿ ಬಿತ್ತು. ಮೈದುನ ಗಾಜಿನ ಕಡ್ಡಿ ಬೆಳಕಿಗೆ ಹಿಡಿದು, ಅಬ್ಬಾ ಎಂದ. ಅಷ್ಟು ಆಸೆಪಟ್ಟಿದ್ದ ಜ್ವರ! ತಲೆ ಸೀಳಿಹೋಗುತ್ತಿತ್ತು, ಬಾಯೆಲ್ಲ ಕಹಿ. ಸಾಯುತ್ತೇನೇನೋ ಎಂದು ಹೆದರಿಕೆಯಾಯಿತು. ಹೆದರಿಕೆಯಾಯಿತು ಎಂದು ತಿಳಿದಾಗ ಆ ನಡುಕದಲ್ಲೂ ನನಗೆ ನಗು ಬಂತು. ನನಗೆ ಬದುಕಬೇಕೆನಿಸುತ್ತಿತ್ತು.

ನೀಲಮ್ಮ ನನ್ನ ಹಣೆ ಮುಟ್ಟಿ, "ಈಗರ ಸಮಾಧಾನ ಆತೇನ್ರಿ ಅಕ್ಕಾ?" ಎಂದಳು.

ಮಧ್ಯಾಹ್ನ ಬೆವರು ಬಿಟ್ಟು ಜ್ವರ ಇಳಿದಾಗ ಕಾಲ ಬುಡದಲ್ಲಿ ಏನೋ ಭಾರ ಎನಿಸಿತು. ಪಾರಿ ಕೂತಿದ್ದಳು. ಚಿಗವ್ವನ ಕಾಲನ್ನು ಒತ್ತಿದ್ದ ಹಾಗೆಯೇ ನನ್ನ ಕಾಲನ್ನು ಒತ್ತುತ್ತಿದ್ದಳು. ನಾನು ಕಣ್ಣು ಬಿಟ್ಟದ್ದನ್ನು ನೋಡಿ ಮೇಲೆ ಸರಿದು ಬಂದು, ನನ್ನ ಕಂಬಳಿಯೊಳಗೆ ನುಗ್ಗಿ, ನನ್ನ ತೋಳಿನ ಮೇಲೆ ತಲೆಯಿಟ್ಟು ಮಲಗಿದಳು. "ಅವ್ವಾ, ನೀ ಮತ್ತ ದೇವರಾಗಬ್ಯಾಡ" ಎಂದಳು. ಅವಳ ಕೂದಲಲ್ಲಿ ಮೂಗಿಟ್ಟು ನಾನು ಅತ್ತೆ, ಕಾರಣವಿಟ್ಟುಕೊಂಡೇ ಅತ್ತೆ.

ತಲೆಯೆತ್ತಿದಾಗ ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ಕೈಯಲ್ಲಿ ಗಂಜಿಯ ಬಟ್ಟಲು. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ತೋಳಿನ ಮೇಲಿದ್ದ ಪಾರಿಯ ತಲೆಯನ್ನು ನೋಡುತ್ತಿದ್ದಳು. ಹೋದ ವರ್ಷ ಅವಳ ಕೋಣೆಯ ಹೊಸ್ತಿಲಲ್ಲಿ ನಾನು ಹೀಗೇ ನಿಂತಿದ್ದೆ. ಆ ಮುಖ ಹೊರಗಿನಿಂದ ಹೇಗೆ ಕಾಣುತ್ತದೆಂದು ಆವತ್ತು ನೋಡಿದೆ. ಗೆದ್ದೆನೆಂದು ಹಿಗ್ಗಬೇಕಿತ್ತು, ಸ್ವಲ್ಪ ಹಿಗ್ಗಿದೆ ಕೂಡ. ಆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಪಾರಿಯನ್ನು ಒಂದಿಷ್ಟು ನನ್ನ ಕಡೆ ಎಳೆದುಕೊಂಡು ಮಂಚದಲ್ಲಿ ಜಾಗ ಮಾಡಿದೆ.

"ನೀಲಾ, ಬಾ ಇಲ್ಲಿ, ಕುಂದ್ರು" ಎಂದೆ.

ಅವಳು ಬಂದು ಕೂತಳು. ಬಟ್ಟಲನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಏನೂ ಇಲ್ಲ, ಒಲೆಯ ಮುಂದೆ ನಿಂತಿದ್ದಕ್ಕೆ ಎಂದಳು. ನಾನು ಕಂಬಳಿಯಿಂದ ಕೈ ಹೊರಗೆ ತೆಗೆದು ಅವಳ ಹಣೆಯ ಮೇಲಿಟ್ಟೆ. ಜ್ವರ ಇರಲಿಲ್ಲ. ಕೈ ತೆಗೆಯಲಿಲ್ಲ.